ಕೊಡದಿಂದ ಕಟಕಟೆಯವರೆಗೆ

ಕೇರಿಯಲ್ಲಿ ಹೆಣ ಬಿದ್ದಾಗ ಪೊಲೀಸಿನವನು ಮೊದಲು ಕೇಳುವುದು "ಹೊಡೆದೋರು ಯಾರು?" ಅಂತಲ್ಲ. "ನೀವೇನ್ರಯ್ಯಾ ಮಾಡಿದ್ರಿ?" ಅಂತ. ಕೇರಿಯಲ್ಲಿ ಹುಟ್ಟಿದ ನಮಗೆ ಈ ಮಾತು ಹೊಸದಲ್ಲ. ಇದೇ ಪ್ರಶ್ನೆಯನ್ನು ದೊಡ್ಡ ದೊಡ್ಡ ವಿದ್ವಾಂಸರೂ ಕೇಳಿದ್ದಾರೆ, ಅದಕ್ಕೆ ಒಂದು ಶಾಸ್ತ್ರವೇ ಇದೆ ಅನ್ನುವುದು ಮಾತ್ರ ನಮಗೆ ಗೊತ್ತಾದದ್ದು ಕಾಲೇಜಿನ ಮೆಟ್ಟಿಲು ಹತ್ತಿದ ಮೇಲೆ.

ಜರ್ಮನಿಯಿಂದ ಅಮೆರಿಕಕ್ಕೆ ಹೋದ ಹಾನ್ಸ್ ಫಾನ್ ಹೆಂಟಿಗ್ ಎಂಬ ಪಂಡಿತ 1948ರಲ್ಲಿ ಒಂದು ಪುಸ್ತಕ ಬರೆದ. ಕೊಂದವನನ್ನು ಮಾತ್ರ ಓದಿದರೆ ಸಾಲದು, ಸತ್ತವನನ್ನೂ ಓದಬೇಕು ಎನ್ನುವುದು ಅವನ ವಾದ. ಹತ್ತು ವರ್ಷ ಕಳೆದು ಮಾರ್ವಿನ್ ವುಲ್ಫ್‌ಗ್ಯಾಂಗ್ ಎಂಬಾತ ಫಿಲಡೆಲ್ಫಿಯಾ ನಗರದ ಪೊಲೀಸ್ ಕಡತ ಬಿಚ್ಚಿ, 1948ರಿಂದ 1952ರವರೆಗೆ ನಡೆದ 588 ಕೊಲೆಗಳನ್ನು ಒಂದೊಂದಾಗಿ ನೋಡಿದ. ಅವುಗಳಲ್ಲಿ 150ರಲ್ಲಿ ಸತ್ತವನೇ ಮೊದಲು ಕೈ ಎತ್ತಿದ್ದ ಅಂತ ಲೆಕ್ಕ ಕೊಟ್ಟ. ಕುಡಿತ, ಜಗಳ, ಶನಿವಾರದ ರಾತ್ರಿ, ಗಂಡುಪ್ರಾಯ, ಬಡತನ — ಹೀಗೆ ಮನುಷ್ಯ ಹಿಂಸೆಗೆ ಬಲಿಯಾಗುವ ಅಪಾಯವನ್ನು ಹೆಚ್ಚಿಸುವ ಸಂಗತಿಗಳ ಪಟ್ಟಿಯೇ ತಯಾರಾಯಿತು. ಆ ಪಟ್ಟಿ ಸುಳ್ಳು ಅಂತ ನಾವು ಹೇಳುವುದಿಲ್ಲ. ಆ ಊರಿಗೆ, ಆ ಜನಕ್ಕೆ ಅದು ನಿಜವೇ ಇರಬಹುದು. ನಮ್ಮ ದೇಶದ ಕೇರಿಗಳಲ್ಲಿ ಬಿದ್ದ ಹೆಣಗಳನ್ನು ಹೀಗೇ ಇಸವಿ ಹಾಕಿ ಸಾಲಾಗಿಟ್ಟು ನೋಡಿದರೆ ಯಾವ ಪಟ್ಟಿ ಬರುತ್ತದೆ? ಸತ್ತವರು ಏನು ಎತ್ತಿದ್ದರು ಕೈಯಲ್ಲಿ?

ಈ ಪಟ್ಟಿ ಬರೆಯಲು ಮೊದಲು ಕೂತವರು ಬಾಬಾಸಾಹೇಬರೇ. 1936ರಲ್ಲಿ ಲಾಹೋರಿನ ಜಾತ್ ಪಾತ್ ತೋಡಕ್ ಮಂಡಲಕ್ಕೆಂದು ಬರೆದು, ಮಂಡಲದವರು ಹೆದರಿ ಸಭೆಯನ್ನೇ ರದ್ದು ಮಾಡಿದ್ದರಿಂದ ಓದದೇ ಉಳಿದು, ಆಮೇಲೆ ಅವರೇ ಅಚ್ಚು ಹಾಕಿಸಿದ ಆ ಭಾಷಣದ ಮೊದಲ ಪುಟಗಳನ್ನು ತೆಗೆದು ನೋಡಿ. ಜಾತಿವಿನಾಶದ ತತ್ವಕ್ಕೆ ಹೋಗುವ ಮುಂಚೆ ಅವರು ಪತ್ರಿಕೆಗಳಲ್ಲಿ ಬಂದ ಸುದ್ದಿಗಳನ್ನು ಲಾಯರಿನಂತೆ ಒಂದರ ಮೇಲೊಂದು ಜೋಡಿಸಿಡುತ್ತಾರೆ.

1928, ಇಂದೋರ್ ಸೀಮೆ. ಬಲಾಯಿ ಎಂಬ ಅಸ್ಪೃಶ್ಯ ಜನಕ್ಕೆ ಹದಿನೈದಕ್ಕೂ ಹೆಚ್ಚು ಹಳ್ಳಿಗಳ ಪಟೇಲರು, ಪಟವಾರಿಗಳು ಸೇರಿ ಕಟ್ಟಳೆ ಹಾಕಿದರು. ಗಂಡಸರು ಜರಿಯಂಚಿನ ಪೇಟ ಸುತ್ತಬಾರದು. ಬಣ್ಣದಂಚಿನ ಪಂಚೆ ಉಡಬಾರದು. ಹೆಂಗಸರು ಬೆಳ್ಳಿಬಂಗಾರ ಇಡಬಾರದು. ಕೂಲಿ ಕೇಳದೆ ಚಾಕರಿ ಮಾಡಬೇಕು. ಬಲಾಯಿಗಳು ಒಪ್ಪಲಿಲ್ಲ. ಆಗ ಬಾವಿ ಬಂದ್ ಆಯಿತು, ದನ ಮೇಯುವುದು ಬಂದ್ ಆಯಿತು, ಊರವರ ಹೊಲದ ಮೇಲೆ ಹಾಯುವುದು ಬಂದ್ ಆಯಿತು.

1935ರ ನವೆಂಬರ್, ಅಹಮದಾಬಾದ್ ಜಿಲ್ಲೆಯ ಝಾನು ಗ್ರಾಮ. ಒಂದಿಷ್ಟು ಅನುಕೂಲವಿದ್ದ ಅಸ್ಪೃಶ್ಯ ಮನೆಗಳ ಹೆಂಗಸರು ಮಣ್ಣಿನ ಮಡಕೆ ಬಿಟ್ಟು ಲೋಹದ ಕೊಡದಲ್ಲಿ ನೀರು ತರಲು ಹೊರಟರು. ಅವರ ಮೇಲೆ ಬಿದ್ದು ಹೊಡೆದರು. 1936ರ ಏಪ್ರಿಲ್, ಜೈಪುರ ಸಂಸ್ಥಾನದ ಚಕವಾರಾ. ತೀರ್ಥಯಾತ್ರೆ ಮುಗಿಸಿ ಬಂದ ಒಬ್ಬ ಅಸ್ಪೃಶ್ಯ ತನ್ನವರಿಗೆ ಊಟ ಹಾಕಿಸಿದ, ಅಡುಗೆಗೆ ತುಪ್ಪ ಹಾಕಿಸಿದ. ನೂರಾರು ಜನ ದೊಣ್ಣೆ ಹಿಡಿದು ನುಗ್ಗಿದರು, ಅನ್ನ ಹಾಳುಮಾಡಿದರು, ಉಣ್ಣುತ್ತಿದ್ದವರನ್ನು ಬಡಿದರು. ತುಪ್ಪ ಕೊಂಡದ್ದು ಅವನ ದುಡ್ಡಿನಲ್ಲೇ, ಉಂಡವರು ಅವನ ಜಾತಿಯವರೇ. ಊರಿನವರಿಗೆ ಒಂದು ತೊಟ್ಟು ನಷ್ಟವಾಗಿರಲಿಲ್ಲ.

ಫಿಲಡೆಲ್ಫಿಯಾದಲ್ಲಿ ಸತ್ತವನ ಕೈಯಲ್ಲಿ ಚಾಕು ಇದ್ದದ್ದುಂಟು. ನಮ್ಮವರ ಕೈಯಲ್ಲಿ ಇದ್ದದ್ದು ಕೊಡ, ತುಪ್ಪದ ಸೌಟು, ಪೇಟದ ಜರಿ.

ಇನ್ನೂ ಒಂದು ಮಾತು ಇದೆ. ಮಹಾಡದ ಚವದಾರ್ ಕೆರೆ ಮುಟ್ಟಲು ನಮಗೆ ಕಾಗದದ ಮೇಲೆ ಹಕ್ಕು ಬಂದದ್ದು 1927ಕ್ಕಿಂತ ಮೊದಲೇ. 1923ರಲ್ಲಿ ಮುಂಬೈ ಶಾಸನಸಭೆ ಬೋಳೆಯವರ ಠರಾವನ್ನು ಒಪ್ಪಿತ್ತು, 1924ರಲ್ಲಿ ಮಹಾಡದ ಪುರಸಭೆಯೂ ತನ್ನ ಕೆರೆ ಎಲ್ಲರದು ಅಂದಿತ್ತು. ಆ ಮೂರು ವರ್ಷ ಯಾರೂ ಯಾರಿಗೂ ಹೊಡೆಯಲಿಲ್ಲ. ಯಾಕೆ ಹೊಡೀತಾರೆ? ನೀರು ಮುಟ್ಟಲು ಯಾರೂ ಹೋಗಿರಲೇ ಇಲ್ಲವಲ್ಲ. 1927ರ ಮಾರ್ಚ್ 20ರಂದು ಬಾಬಾಸಾಹೇಬರ ಹಿಂದೆ ಮೆರವಣಿಗೆ ಹೋಗಿ, ಬೊಗಸೆ ನೀರು ಕುಡಿದು ಬಂದದ್ದೇ ತಡ, ಇವರು ವೀರೇಶ್ವರ ದೇವಸ್ಥಾನಕ್ಕೂ ನುಗ್ಗುತ್ತಾರೆ ಅಂತ ಗುಲ್ಲೆಬ್ಬಿಸಿ, ಚಪ್ಪರದಲ್ಲಿ ಊಟಕ್ಕೆ ಕೂತವರ ಮೇಲೆ, ಬೀದಿಯಲ್ಲಿ ಒಂಟಿಯಾಗಿ ಸಿಕ್ಕವರ ಮೇಲೆ ಬಿದ್ದರು. ಆಮೇಲೆ ಸಗಣಿ, ಗಂಜಲ, ಹಾಲು, ಮೊಸರು ತುಂಬಿದ 108 ಕೊಡ ಸುರಿದು ಕೆರೆ ಶುದ್ಧಿ ಮಾಡಿಕೊಂಡರು. ಹಕ್ಕು ಕಾಗದದಲ್ಲಿ ಮಲಗಿರುವ ತನಕ ಅಪಾಯವಿಲ್ಲ, ಅದನ್ನು ಎಬ್ಬಿಸಿ ನಡೆಸಿಕೊಂಡು ಹೊರಟ ದಿನ ಏಟು ಬೀಳುತ್ತದೆ.

ಸ್ವಾತಂತ್ರ್ಯ ಬಂತು. ಕೊಡದ ಜಾಗಕ್ಕೆ ಕೂಲಿ ಬಂತು.

ತಂಜಾವೂರು ಸೀಮೆ ಅಂದರೆ ಕಾವೇರಿಯ ಕೊನೆಯ ಬಯಲು. ನಮ್ಮ ಕೊಡಗಿನಲ್ಲಿ ಹುಟ್ಟಿ, ಮಂಡ್ಯ ಮೈಸೂರಿನ ಗದ್ದೆ ನೆನೆಸಿ ಹೋದ ನೀರೇ ಅಲ್ಲಿ ಭತ್ತವಾಗುತ್ತದೆ. ಗದ್ದೆ ಮಿರಾಸುದಾರರದು, ಕೆಸರಿನಲ್ಲಿ ಬಾಗಿದ ಬೆನ್ನು ಪರಯರದು, ಪಳ್ಳರದು. 1960ರ ದಶಕದಲ್ಲಿ ಹೊಸ ಬೀಜ, ಹೊಸ ಗೊಬ್ಬರ ಬಂದು ಇಳುವರಿ ಏರಿತು. ಇಳುವರಿ ಏರಿದರೆ ಕೂಲಿಯೂ ಏರಬೇಕಲ್ಲ ಅಂತ ಕೆಂಬಾವುಟದ ಸಂಘದವರು ಕೇಳಿದರು. ಕೇಳಿದ್ದು ಎಷ್ಟು? ಇನ್ನು ಅರ್ಧ ಅಳತೆ ಭತ್ತ. ಮಿರಾಸುದಾರರು ತಮ್ಮದೇ ಭತ್ತ ಉತ್ಪಾದಕರ ಸಂಘ ಕಟ್ಟಿಕೊಂಡರು. ಹೊರಗಿನಿಂದ ಆಳು ತರಿಸಿದರು. ಬಾವುಟ ಇಳಿಸಿ, ಸಂಘ ಬಿಡಿ ಅಂದರು. ಕೀಳ್ವೆಣ್ಮಣಿಯ ಕೂಲಿಗಳು ಬಿಡಲಿಲ್ಲ.

1968ರ ಡಿಸೆಂಬರ್ 25ರ ರಾತ್ರಿ. ಕೋವಿ, ದೊಣ್ಣೆ, ಪಂಜು ಹಿಡಿದು ಬಂದರು. ಓಡಬಲ್ಲ ಗಂಡಸರು ಓಡಿದರು. ಓಡಲಾರದವರು, ಮುದುಕರು, ಹೆಂಗಸರು, ಸೊಂಟದ ಕೂಸುಗಳು ಬೀದಿಯ ಒಂದು ಗುಡಿಸಲಿಗೆ ನುಗ್ಗಿ ಬಾಗಿಲು ಹಾಕಿಕೊಂಡರು. ಗುಡಿಸಲಿಗೆ ಬೆಂಕಿ ಇಟ್ಟರು. 44 ಜನ ಬೂದಿಯಾದರು.

ಇಲ್ಲಿ ಸ್ವಲ್ಪ ನಿಲ್ಲಬೇಕು. ನಮ್ಮ ಅವ್ವಂದಿರು ನಮಗೆ ಕಲಿಸಿದ ಒಂದು ಶಾಸ್ತ್ರ ಇದೆ, ಹೆಂಟಿಗ್‌ನ ಶಾಸ್ತ್ರಕ್ಕಿಂತ ಹಳೆಯದು. "ಗೌಡ್ರ ಬೀದೀಲಿ ಮೆಟ್ಟು ಕೈಲಿ ಇಟ್ಕಂಡು ಹೋಗು ಮಗ." "ಅವ್ರು ಬೈದ್ರೆ ಬೈಸ್ಕಂಡು ಬಾ, ಎದುರುತ್ತರ ಕೊಡಬ್ಯಾಡ." "ಹೊಸ ಅಂಗಿ ಹಾಕ್ಕಂಡು ಹಬ್ಬದ ದಿನ ಊರೊಳಕ್ಕೆ ಹೋಗಬ್ಯಾಡ." ಪ್ರಾಣ ಉಳಿಸಿಕೊಳ್ಳಲು ತಲೆತಲಾಂತರದಿಂದ ಬಾಯಿಂದ ಬಾಯಿಗೆ ಬಂದ ಪಾಠ. ನಾವು ನಗುವುದಿಲ್ಲ ಅದಕ್ಕೆ. ಎಷ್ಟೋ ಜನ ಇದರಿಂದ ಬದುಕಿದ್ದಾರೆ, ನಾವು ಹುಟ್ಟಿದ್ದೂ ಬಹುಶಃ ಇದರಿಂದಲೇ. ಕೀಳ್ವೆಣ್ಮಣಿಯ ಆ ಗುಡಿಸಲಲ್ಲಿ ಈ ಪಾಠ ಕೈಕೊಟ್ಟಿತು. ಒಳಗೆ ಸುಟ್ಟುಹೋದ ಕೂಸು ಯಾರಿಗೆ ಎದುರುತ್ತರ ಕೊಟ್ಟಿತ್ತು? ಬಾವುಟ ಹಿಡಿದವನು ಒಬ್ಬ, ಸುಟ್ಟದ್ದು ಕೇರಿಯನ್ನು. ವುಲ್ಫ್‌ಗ್ಯಾಂಗ್‌ನ ಲೆಕ್ಕದಲ್ಲಿ ಕೊಂದವನು ಒಬ್ಬ, ಸತ್ತವನು ಒಬ್ಬ, ಅವರಿಬ್ಬರ ನಡುವೆ ಏನು ನಡೆಯಿತು ಅನ್ನುವುದೇ ಪ್ರಶ್ನೆ. ಇಲ್ಲಿ ಒಬ್ಬನ ಮಾತಿಗೆ ಇಡೀ ಕೇರಿ ಜಾಮೀನು. ತಲೆ ತಗ್ಗಿಸಿದವನಿಗೂ ಅಷ್ಟೇ, ಎತ್ತಿದವನಿಗೂ ಅಷ್ಟೇ.

ಮದ್ರಾಸ್ ಹೈಕೋರ್ಟು ಆರೋಪಿ ಮಿರಾಸುದಾರರನ್ನು ಬಿಟ್ಟುಬಿಟ್ಟಿತು. ಇವರೆಲ್ಲ ಆಸ್ತಿವಂತರು, ಅವರಲ್ಲಿ ಒಬ್ಬರು ಕಾರು ಇಟ್ಟವರು, ಇಂಥವರು ತಾವೇ ನಡೆದು ಹೋಗಿ ಮನೆಗೆ ಬೆಂಕಿ ಹಚ್ಚಿದರು ಅಂದರೆ ನಂಬುವುದು ಕಷ್ಟ ಅನ್ನುವ ಅರ್ಥದ ಮಾತು ತೀರ್ಪಿನಲ್ಲಿತ್ತು. ಬಡತನ ಬಲಿಯಾಗುವ ಅಪಾಯವನ್ನು ಹೆಚ್ಚಿಸುತ್ತದೆ ಅಂತ ಪುಸ್ತಕ ಹೇಳುತ್ತದಲ್ಲ, ಸಿರಿವಂತಿಕೆ ಅಪರಾಧಿಯಾಗುವ ಅಪಾಯವನ್ನು ತಗ್ಗಿಸುತ್ತದೆ ಅನ್ನುವುದನ್ನೂ ಪಕ್ಕದಲ್ಲೇ ಬರೆದುಕೊಳ್ಳಿ.

ಗುಡಿಸಲು ಅಂದೆವು. ನಾವೆಲ್ಲಿ ವಾಸ ಮಾಡುತ್ತೇವೆ ಅನ್ನುವುದೂ ಈ ಪಟ್ಟಿಗೆ ಸೇರಬೇಕು. ಕೇರಿ ಊರಿನ ಹೊರಗಿದೆ, ಒಟ್ಟಾಗಿದೆ, ಹೆಚ್ಚಾಗಿ ಒಂದೇ ದಾರಿ ಇದೆ. ಕೊಲ್ಲಲು ಬಂದವನು ಮನೆ ಹುಡುಕಬೇಕಾಗಿಲ್ಲ, ಹೆಸರು ಕೇಳಬೇಕಾಗಿಲ್ಲ. ಓದಲು ಪೇಟೆಗೆ ಬಂದರೂ ಇದು ನಮ್ಮನ್ನು ಬಿಡಲಿಲ್ಲ. 1973ರ ನವೆಂಬರಿನಲ್ಲಿ ಸಚಿವ ಬಸವಲಿಂಗಪ್ಪನವರು ಮೈಸೂರಿನಲ್ಲಿ ಕನ್ನಡ ಸಾಹಿತ್ಯದಲ್ಲಿ ಬೂಸಾ ಇದೆ ಅಂದದ್ದಕ್ಕೆ ಎದ್ದ ಗಲಾಟೆ ಈ ಪತ್ರಿಕೆಯ ಹಿರಿಯ ಓದುಗರಿಗೆ ಚೆನ್ನಾಗಿ ನೆನಪಿದೆ. ಮಾತಾಡಿದ್ದು ಮಂತ್ರಿ. ಏಟು ತಿಂದದ್ದು ಹಾಸ್ಟೆಲಿನ ಹುಡುಗರು. ಹಾಸ್ಟೆಲೂ ಒಂದು ಕೇರಿಯೇ ತಾನೇ, ಬೋರ್ಡು ಬರೆದಿಟ್ಟ ಕೇರಿ. ಅದೇ ಏಟಿನ ನಂತರದ ಕೂಟಗಳಿಂದ ದಲಿತ ಸಂಘರ್ಷ ಸಮಿತಿ ಹುಟ್ಟಿತು, ನಮ್ಮ ಪದ್ಯಗಳೂ ಹುಟ್ಟಿದವು.

ಮತ್ತೆ ನೀರಿಗೆ ಬರೋಣ. ಆಗ ಆಂಧ್ರದ ಪ್ರಕಾಶಂ ಜಿಲ್ಲೆಯಲ್ಲಿದ್ದ ಕಾರಂಚೇಡು, 1985ರ ಜುಲೈ. ಮಾದಿಗರು ಕುಡಿಯುವ ನೀರಿನ ಕೆರೆಗೆ ಮೇಲ್ಜಾತಿ ಹುಡುಗರು ಎಮ್ಮೆಯ ಕೊಳಕು ನೀರು ಬಿಟ್ಟರು. ಯಾಕ್ರಪ್ಪಾ ಅಂತ ಕೇಳಿದ್ದಕ್ಕೆ ಹೊಡೆಯಲು ಬಂದರು. ನೀರಿಗೆ ಬಂದಿದ್ದ ಹೆಣ್ಣುಮಗಳೊಬ್ಬಳು ಕೈಲಿದ್ದ ಬಿಂದಿಗೆಯನ್ನೇ ಅಡ್ಡ ಎತ್ತಿದಳು. ಮಾರನೇ ದಿನ, ಜುಲೈ 17ರ ಬೆಳಗ್ಗೆ ಗುಂಪು ಬಂದು ಹೊಲಗಳಲ್ಲಿ ಅಟ್ಟಾಡಿಸಿ 6 ಜನರನ್ನು ಕೊಂದಿತು. ಹೆಂಗಸರ ಮೇಲೆ ಅತ್ಯಾಚಾರ ನಡೆಯಿತು. ಉಳಿದವರು ಚೀರಾಲಕ್ಕೆ ಓಡಿ ಅಲ್ಲೇ ಬೀಡುಬಿಟ್ಟರು. ಆಂಧ್ರದ ದಲಿತ ಮಹಾಸಭಾ ಹುಟ್ಟಿದ್ದು ಆ ಬೀಡಿನಿಂದ. ಝಾನುವಿನ ಕೊಡಕ್ಕೂ ಕಾರಂಚೇಡಿನ ಬಿಂದಿಗೆಗೂ ನಡುವೆ 50 ವರ್ಷ. ಎರಡನ್ನೂ ಹಿಡಿದಿದ್ದವರು ಹೆಂಗಸರು. ನೀರಿಗೆ, ಸೌದೆಗೆ, ಕಳೆಗೆ ದಿನಾ ಊರವರ ನೆಲದ ಮೇಲೆ ಹಾಯಬೇಕಾದವರು ಅವರೇ ಆದ್ದರಿಂದ ಮೊದಲ ಏಟು ಅವರಿಗೆ. ನಮ್ಮ ಸಭೆಗಳಲ್ಲಿ ವೇದಿಕೆ ಮೇಲೆ ಕೂರುವ ಗಂಡಸರು ಇದನ್ನು ಒಂದು ಸಾಲಿನಲ್ಲಿ ಮುಗಿಸಿಬಿಡುವುದುಂಟು.

ಓದು? ಓದಿದರೆ ಉಳಿಯುತ್ತೇವೆ ಅಂತ ಅಪ್ಪಂದಿರು ನಂಬಿದ್ದರು. ಆಗ ಗುಂಟೂರು ಜಿಲ್ಲೆಯಲ್ಲಿದ್ದ ಚುಂಡೂರಿನಲ್ಲಿ 1991ರ ಜುಲೈನಲ್ಲಿ ಸಿನಿಮಾ ಟೆಂಟಿನಲ್ಲಿ ಓದಿದ ದಲಿತ ಹುಡುಗನೊಬ್ಬನ ಕಾಲು ಮುಂದಿನ ಸೀಟಿನ ಮೇಲ್ಜಾತಿಯವನಿಗೆ ತಾಗಿತು. ಬರೀ ಕಾಲು ತಾಗಿದ್ದಕ್ಕೆ 8 ಕೊಲೆ ನಡೆಯುತ್ತದೆಯೇ? ಅದರ ಹಿಂದೆ ವರ್ಷಗಳ ಹೊಟ್ಟೆಯುರಿ ಇತ್ತು. ಚುಂಡೂರಿನ ಕೇರಿಯ ಮಕ್ಕಳು ಓದಿದ್ದರು, ಕೆಲವರಿಗೆ ರೈಲ್ವೆಯಲ್ಲಿ, ಸರ್ಕಾರದಲ್ಲಿ ಕೆಲಸ ಸಿಕ್ಕಿತ್ತು, ಊರ ಗದ್ದೆಯ ಹಂಗು ಸಡಿಲಾಗಿತ್ತು. ಟಿಕೆಟ್ಟು ಕೊಂಡು ಸೀಟಿನಲ್ಲಿ ಕಾಲು ಚಾಚಿ ಕೂರುವುದು ಆ ಸಡಿಲಿಕೆಯ ಗುರುತು. ಜುಲೈನಲ್ಲೇ ಬಹಿಷ್ಕಾರ ಬಿತ್ತು, ಗದ್ದೆ ಕೆಲಸಕ್ಕೆ ಕರೆಯುವುದು ನಿಂತಿತು. ಆಗಸ್ಟ್ 6ರಂದು 8 ಜನರನ್ನು ಕೊಂದು ಮೂಟೆ ಕಟ್ಟಿ ಕಾಲುವೆಗೆ ಎಸೆದರು.

ನಮ್ಮ ನಂಜನಗೂಡು ತಾಲೂಕಿನ ಬದನವಾಳು ದೂರದ ಊರಲ್ಲ. ಖಾದಿ ನೂಲಿಗೆ ಹೆಸರಾದ, ಗಾಂಧಿ ಬಂದುಹೋದ ಊರು. ಅಲ್ಲಿ ಸಿದ್ದೇಶ್ವರ ದೇವಸ್ಥಾನದೊಳಕ್ಕೆ ದಲಿತರು ಕಾಲಿಟ್ಟ ವಿವಾದದ ಬೆನ್ನಿಗೆ 1993ರ ಮಾರ್ಚಿನಲ್ಲಿ ಮೂವರು ದಲಿತರ ಕೊಲೆಯಾಯಿತು. ಸತ್ತವರದು ಅಕ್ಷರ ಕಲಿತ ಮನೆ.

ಈಗ ಕಹಿ ಮಾತೊಂದು. ಈ ಊರುಗಳಲ್ಲಿ ಕತ್ತಿ ಹಿಡಿದು ಬಂದವರು ಯಾರು? ಮನುಧರ್ಮ ಬರೆದವನ ಮೊಮ್ಮಕ್ಕಳು ಬಂದದ್ದು ಅಪರೂಪ. ಬಂದವರು ನೆಲ ಇದ್ದ, ಹೊಸದಾಗಿ ಓಟು, ಸೊಸೈಟಿ, ಪಂಚಾಯಿತಿ ಕೈಗೆ ಬಂದ ಶೂದ್ರ ಜಾತಿಗಳವರು. ಕಾರಂಚೇಡಿನಲ್ಲಿ ಕಮ್ಮರು, ಚುಂಡೂರಿನಲ್ಲಿ ರೆಡ್ಡಿಗಳು ಮತ್ತು ತೆಲಗರು, ಬದನವಾಳಿನಲ್ಲಿ ಲಿಂಗಾಯತರು. ಬಸವಣ್ಣನ ಹೆಸರು ಹೇಳುವವರು. ಬಂಡಾಯದ ವೇದಿಕೆಯಲ್ಲಿ ನಮ್ಮ ಪಕ್ಕ ಕೂತು ಬ್ರಾಹ್ಮಣ್ಯವನ್ನು ಬೈಯುವ ಶೂದ್ರ ಗೆಳೆಯರಿಗೆ ಇದನ್ನು ಹೇಳದೆ ವಿಧಿಯಿಲ್ಲ. ನಿಮ್ಮ ಮೇಲೆ ನಮಗೆ ಮುನಿಸಿಲ್ಲ. ಆದರೆ ಸಭೆ ಮುಗಿಸಿ ನೀವು ಹೋಗುವ ಮನೆಯ ಜಗುಲಿಯಲ್ಲಿ ಈ ಮಾತು ಎತ್ತಬೇಕಾದವರು ನೀವೇ. ನಾವು ಆ ಜಗುಲಿ ಹತ್ತುವಂತಿಲ್ಲ.

ಪಟ್ಟಿಯ ಕೊನೆಗೆ, ಎಲ್ಲಕ್ಕಿಂತ ಕೆಟ್ಟದ್ದು ಇದೆ: ದೂರು ಕೊಡುವುದು, ಸಾಕ್ಷಿ ಹೇಳುವುದು.

ಮಹಾರಾಷ್ಟ್ರದ ಭಂಡಾರಾ ಜಿಲ್ಲೆಯ ಖೈರ್ಲಾಂಜಿಯಲ್ಲಿ ಒಂದು ದಲಿತ ಸಂಸಾರ. ಸ್ವಂತ ಜಮೀನಿತ್ತು, ಅದರ ಮೇಲೆ ದಾರಿ ಬೇಕು ಅಂತ ಊರಿನವರ ತಕರಾರಿತ್ತು. ಮಕ್ಕಳು ಓದುತ್ತಿದ್ದರು. ಇಷ್ಟೂ ಸಾಲದು ಅಂತ ಆ ತಾಯಿ ಒಂದು ಹಲ್ಲೆ ಪ್ರಕರಣದಲ್ಲಿ ಹೊಡೆದವರನ್ನು ಗುರುತಿಸಿ ಹೇಳಿದಳು. ಆರೋಪಿಗಳು ಜಾಮೀನಿನ ಮೇಲೆ ಹೊರಬಂದ ದಿನವೇ, 2006ರ ಸೆಪ್ಟೆಂಬರ್ 29ರ ಸಂಜೆ, ತಾಯಿ, ಮಗಳು, ಇಬ್ಬರು ಗಂಡುಮಕ್ಕಳು, ನಾಲ್ವರನ್ನೂ ಕೊಂದರು. 2008ರಲ್ಲಿ ಕೆಳಕೋರ್ಟು ಆರು ಜನಕ್ಕೆ ಗಲ್ಲು, ಇಬ್ಬರಿಗೆ ಜೀವಾವಧಿ ಕೊಟ್ಟಿತು. ಜಾತಿ ಕಾರಣ ಅಂತ ಒಪ್ಪಲಿಲ್ಲ, ದೌರ್ಜನ್ಯ ಕಾಯ್ದೆ ಅನ್ವಯಿಸಲಿಲ್ಲ. 2010ರಲ್ಲಿ ಹೈಕೋರ್ಟಿನ ನಾಗಪುರ ಪೀಠ ಗಲ್ಲನ್ನು 25 ವರ್ಷದ ಸೆರೆಗೆ ಇಳಿಸಿತು.

ನಮ್ಮ ಚಿಂತಾಮಣಿ ತಾಲೂಕಿನ ಕಂಬಾಲಪಲ್ಲಿಯಲ್ಲಿ 2000ದ ಮಾರ್ಚ್ 11ರಂದು 7 ದಲಿತರನ್ನು ಮನೆಯೊಳಗೇ ಸುಟ್ಟರು. ಆಗ ಅದು ಕೋಲಾರ ಜಿಲ್ಲೆ. ಕೇಸು ನಡೆಯಿತು. ಸಾಕ್ಷಿಗಳು ಒಬ್ಬರಾದ ಮೇಲೊಬ್ಬರು ಕಟಕಟೆಯಲ್ಲಿ ನಿಂತು, ನಾವು ನೋಡಿಲ್ಲ ಸ್ವಾಮಿ ಅಂದರು. 2006ರಲ್ಲಿ ಆರೋಪಿಗಳೆಲ್ಲ ಬಿಡುಗಡೆಯಾದರು. 2014ರಲ್ಲಿ ಹೈಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಸಾಕ್ಷಿಗಳು ಮಾರಿಕೊಂಡರು ಅಂತ ಪೇಟೆಯಲ್ಲಿ ಕೂತು ಮಾತಾಡಿದವರನ್ನು ನಾವು ಕೇಳಿದ್ದೇವೆ. ಸಾಯಂಕಾಲ ಕಟಕಟೆ ಇಳಿದು ಬಸ್ಸು ಹತ್ತಿ ಅದೇ ಊರಿಗೆ, ಅದೇ ಬೀದಿಗೆ ಹೋಗಿ ಮಲಗಬೇಕಾದವರು ಅವರು.

ಅಮೆರಿಕದ ಲಾರೆನ್ಸ್ ಕೋಹೆನ್ ಮತ್ತು ಮಾರ್ಕಸ್ ಫೆಲ್ಸನ್ 1979ರಲ್ಲಿ ಒಂದು ಸರಳ ಮಾತು ಹೇಳಿದರು. ಅಪರಾಧ ಆಗಬೇಕಾದರೆ ಮಾಡುವ ಮನಸ್ಸಿನವನು ಇರಬೇಕು, ಸಿಗುವ ಬಲಿ ಇರಬೇಕು, ಕಾಯುವವನು ಇರಬಾರದು. ಮೊದಲೆರಡು ನಮಗೆ ಚೆನ್ನಾಗಿ ಹೊಂದುತ್ತವೆ. ಮೂರನೆಯದರಲ್ಲಿ ತೊಡಕಿದೆ. ಚುಂಡೂರಿನಲ್ಲಿ ಕೊಲೆ ನಡೆದ ದಿನ ಪೊಲೀಸರು ಊರಲ್ಲೇ ಇದ್ದರು. ಕಾಯುವವನು ಇಲ್ಲದ್ದಲ್ಲ, ಇದ್ದ. ಯಾರನ್ನು ಕಾಯುತ್ತಿದ್ದ ಅನ್ನುವುದು ಆ ಶಾಸ್ತ್ರದಲ್ಲಿ ಬರೆದಿಲ್ಲ. ಚುಂಡೂರಿನವರು ಹಟ ಹಿಡಿದು ತಮ್ಮ ಊರಲ್ಲೇ ವಿಶೇಷ ನ್ಯಾಯಾಲಯ ಕೂರಿಸಿಕೊಂಡರು, ಅದೊಂದು ದೊಡ್ಡ ಸಾಹಸ. 2007ರಲ್ಲಿ 21 ಜನರಿಗೆ ಜೀವಾವಧಿಯಾಯಿತು. 2014ರ ಏಪ್ರಿಲಿನಲ್ಲಿ ಹೈಕೋರ್ಟು ಎಲ್ಲರನ್ನೂ ಬಿಟ್ಟಿತು. ಬಿಹಾರದ ಲಕ್ಷ್ಮಣಪುರ ಬಾಥೆಯಲ್ಲಿ 1997ರ ಡಿಸೆಂಬರ್ 1ರ ರಾತ್ರಿ 58 ಜನರನ್ನು ಕೊಂದ ಪ್ರಕರಣದ ಗತಿಯೂ ಇದೇ: 2010ರಲ್ಲಿ ಶಿಕ್ಷೆ, 2013ರಲ್ಲಿ ಬಿಡುಗಡೆ. ಹಿಂದಿನ ಕೊಲೆಗೆ ಶಿಕ್ಷೆಯಾಗದೇ ಹೋದದ್ದು ಮುಂದಿನ ಕೊಲೆಯ ಅಪಾಯವನ್ನು ಹೆಚ್ಚಿಸುವ ಸಂಗತಿ ಅಂತ ನಮ್ಮ ಪಟ್ಟಿಯಲ್ಲಿ ದಪ್ಪಕ್ಷರದಲ್ಲಿ ಬರೆಯಬೇಕು.

ಸರ್ಕಾರಕ್ಕೆ ಇದೆಲ್ಲ ಗೊತ್ತಿಲ್ಲವೇ? ಗೊತ್ತಿದೆ. 1989ರ ದೌರ್ಜನ್ಯ ತಡೆ ಕಾಯ್ದೆ 1990ರ ಜನವರಿ 30ರಿಂದ ಜಾರಿಯಲ್ಲಿದೆ. ಅದರ 1995ರ ನಿಯಮಗಳ 3ನೇ ನಿಯಮ, ದೌರ್ಜನ್ಯ ನಡೆಯುವ ಸಂಭವವಿರುವ ಪ್ರದೇಶಗಳನ್ನು ರಾಜ್ಯ ಸರ್ಕಾರ ಮೊದಲೇ ಗುರುತಿಸಬೇಕು ಅನ್ನುತ್ತದೆ. ಅಂದರೆ ಹೆಣ ಬೀಳುವ ಮುಂಚೆ ಪಟ್ಟಿ ಬರೆಯುವುದು ಸರ್ಕಾರದ ಕೆಲಸ. ಕರ್ತವ್ಯ ಮರೆತ ಅಧಿಕಾರಿಗೆ ಶಿಕ್ಷೆ ಕೊಡಲು 4ನೇ ಕಲಮು ಇದೆ. 2015ರ ತಿದ್ದುಪಡಿಯಲ್ಲಿ ಬಹಿಷ್ಕಾರ ಹಾಕುವುದೂ, ಹಾಕುತ್ತೇವೆ ಅಂತ ಬೆದರಿಸುವುದೂ ಅಪರಾಧವಾಯಿತು. ನೊಂದವರ, ಸಾಕ್ಷಿಗಳ ರಕ್ಷಣೆಗೆ 15ಎ ಕಲಮು ಸೇರಿತು. 2022ರಲ್ಲಿ ಪರಿಶಿಷ್ಟ ಜಾತಿಯವರ ಮೇಲಿನ ಅಪರಾಧಗಳೆಂದು ದೇಶದಲ್ಲಿ ದಾಖಲಾದ ಪ್ರಕರಣಗಳು 57,582. ಹಿಂದಿನ ವರ್ಷ 50,900. ಏರಿದ್ದು ಹಿಂಸೆಯೋ, ಠಾಣೆಯ ಬಾಗಿಲು ತಟ್ಟುವ ಧೈರ್ಯವೋ, ಎರಡೂನೋ, ಅಂಕಿ ಅದನ್ನು ಬಾಯಿಬಿಡುವುದಿಲ್ಲ.

ಹಳ್ಳಿ ಶಾಲೆಯ ಮೇಷ್ಟರುಗಳು ಈ ಪತ್ರಿಕೆ ಓದುತ್ತೀರಿ ಅಂತ ನಮಗೆ ಗೊತ್ತು. ನಿಮಗೊಂದು ಕೆಲಸ ಹೇಳುತ್ತೇವೆ, ಸಣ್ಣದು. ಇಂದೋರಿನಿಂದ ಚುಂಡೂರಿನವರೆಗೆ ಈ ಚರಿತ್ರೆಯಲ್ಲಿ ಕತ್ತಿಗಿಂತ ಮೊದಲು ಬಹಿಷ್ಕಾರ ಕಾಣುತ್ತದೆ. ಅಂಗಡಿಯವನು ಬೆಂಕಿಪೊಟ್ಟಣ ಕೊಡುವುದಿಲ್ಲ. ಹಿಟ್ಟಿನ ಗಿರಣಿಯವನು ರಾಗಿ ಬೀಸುವುದಿಲ್ಲ. ಕಳೆ ಕೀಳಲು ಕರೆಯುವುದಿಲ್ಲ. ಆಟೋದವನು ಹತ್ತಿಸಿಕೊಳ್ಳುವುದಿಲ್ಲ. ಕೇರಿಯ ಮಕ್ಕಳು ಇದ್ದಕ್ಕಿದ್ದಂತೆ ಶಾಲೆಗೆ ಬರುವುದಿಲ್ಲ. ಈ ಕೊನೆಯದು ಮೊದಲು ಕಾಣುವುದು ನಿಮ್ಮ ಹಾಜರಿ ಪುಸ್ತಕದಲ್ಲೇ. ಆ ದಿನದ ತಾರೀಖು ಬರೆದಿಡಿ. ಯಾವ ಅಂಗಡಿ, ಯಾವ ಗಿರಣಿ, ಏನು ಮಾತು ಅಂತ ಬರೆದಿಡಿ. ತಹಸೀಲ್ದಾರರಿಗೆ ಒಂದು ಪ್ರತಿ, ಜಿಲ್ಲಾಧಿಕಾರಿಗೆ ಒಂದು ಪ್ರತಿ, ಎಸ್‌ಪಿಗೆ ಒಂದು ಪ್ರತಿ ಟಪಾಲಿನಲ್ಲಿ ಕಳಿಸಿ ರಸೀತಿ ಇಟ್ಟುಕೊಳ್ಳಿ. ಚುಂಡೂರಿನಲ್ಲಿ ಬಹಿಷ್ಕಾರಕ್ಕೂ ಕೊಲೆಗೂ ನಡುವೆ ಕೆಲವು ವಾರಗಳಿದ್ದವು.